ಬಿಸಿಲಿಗೆ ಹೊದಿಸಿದ ಗೋಣಿ

“ಗುರುಗಳೇ, ಬೆಳಗಿನ ಪೂಜೆಯಲ್ಲಿ ಸಿಕ್ಕ ಆನಂದ ನಾಲ್ಕು ಜನರ ನಡುವೆ ಹೋದರೆ ಸೋರಿಹೋಗುತ್ತದೆ. ಅದಕ್ಕೇ ಪೂಜೆ ಮುಗಿದೊಡನೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ತಪ್ಪೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಸಮುದ್ರದ ನಡುವೆ ಒಂದು ಪುಟ್ಟ ನಡುಗಡ್ಡೆ. ಅಲ್ಲೊಬ್ಬ ವೈರ್‌ಲೆಸ್ ಕಾವಲುಗಾರ. ಮೀನಿಗೆ ಹೋದ ದೋಣಿಗಳಿಗೆ ಗಾಳಿಮಳೆಯ ಸುದ್ದಿ ಹೇಳುವುದು ಅವನ ಕೆಲಸ. ಯಂತ್ರ ನಡೆಯುತ್ತಿದ್ದುದು ಬ್ಯಾಟರಿಯಿಂದ. ಬ್ಯಾಟರಿ ತುಂಬುತ್ತಿದ್ದುದು ಮಾಡಿನ ಮೇಲಿನ ಸೌರಫಲಕದಿಂದ, ಅಂದರೆ ದೇವರು ಕೊಟ್ಟ ಬಿಸಿಲಿನಿಂದ. ಒಮ್ಮೆ ಮೂರು ದಿನ ಮೋಡ ಕವಿದು ಬ್ಯಾಟರಿ ಬರಿದಾಗಿ, ದೋಣಿಯವರು ಕೂಗಿ ಕೂಗಿ ಸೋತಿದ್ದರು. ಆ ಅಂಜಿಕೆ ಅವನ ಎದೆಯಿಂದ ಇಳಿಯಲೇ ಇಲ್ಲ. ಅಂದಿನಿಂದ ಬೆಳಿಗ್ಗೆ ಎರಡು ಮಾತು, ಸಂಜೆ ಎರಡು ಮಾತು, ಅಷ್ಟೇ. ಹತ್ತು ಗಂಟೆಗೆಲ್ಲ ಬ್ಯಾಟರಿ ತುಂಬುತ್ತಿತ್ತು. ಮತ್ತೂ ಬಿಸಿಲು ಕುಡಿದರೆ ಅದು ಕೆಟ್ಟೀತೆಂದು ಫಲಕಕ್ಕೆ ಗೋಣಿ ಹೊದಿಸಿ, ಬ್ಯಾಟರಿ ಎಷ್ಟು ತುಂಬಿದೆ ಎಂದು ತೋರಿಸುವ ಮುಳ್ಳು ತುದಿಯಲ್ಲೇ ನಿಂತಿದೆಯೇ ಎಂದು ನೋಡುತ್ತ ಕೂರುತ್ತಿದ್ದ.

ಒಂದು ನಡುಹಗಲು ಅದೇ ನಡುಗಡ್ಡೆಯ ಬೆಸ್ತರ ಕೇರಿಯಿಂದ ಮುದುಕಿಯೊಬ್ಬಳು ಅಲ್ಲಿಗೆ ಬಂದಳು. ಸೊಸೆಗೆ ಎರಡು ದಿನದಿಂದ ಹೆರಿಗೆ ನೋವಿತ್ತು. ಮಗ ಶೀನ ತಂಡವನ್ನು ಬಿಡಲಾಗದೆ ಅಳುಕುತ್ತಲೇ ಕಡಲಿಗೆ ಹೋಗಿದ್ದ. ಈಗ ಹೆರಿಗೆಯಾಗಿ ತಾಯಿ, ಮಗು ಇಬ್ಬರೂ ಕ್ಷೇಮ. ಆದರೆ ಇನ್ನೊಂದು ತಾಸಿಗೆ ಅವನ ದೋಣಿ ಯಂತ್ರದ ದನಿಗೆ ಎಟುಕದಷ್ಟು ದೂರ ಹೋಗುತ್ತದೆ. ಮರಳುವುದು ಎಂಟು ದಿನಕ್ಕೆ. ಅಲ್ಲಿಯವರೆಗೆ ಹೆಂಡತಿ ಉಳಿದಳೋ ಇಲ್ಲವೋ ಎಂದು ಅವನು ಬೇಯಬೇಕು.

ಕಾವಲುಗಾರ ಯಂತ್ರದತ್ತ ಕೈ ಚಾಚಿದ. ಆದರೂ ಸಂಜೆಯ ಸುದ್ದಿಗೆ ಬೇಕಲ್ಲ, ನಾಳೆ ಮೋಡ ಬಂದರೆ ಏನು ಗತಿ ಎಂದು ತಡವರಿಸಿದ.

ಮುದುಕಿ ಮಾಡಿನತ್ತ ನೋಡಿದಳು. “ಸೂರ್ಯದೇವರ ಮುಖಕ್ಕೇ ಗೋಣಿ ಕಟ್ಟಿದ ಗಂಡು ನೀನೊಬ್ಬನೇ ಮಾರಾಯ. ತೆಗಿ ಅದನ್ನ. ನೀ ಕೂಡಿಟ್ಟದ್ದು ನಂಗೆ ಬೇಡ, ಈಗ ಬೀಳ್ತಿರೋ ಬಿಸಿಲಲ್ಲೇ ಮಾತಾಡ್ತೇನೆ.”

ಅವನು ಗೋಣಿ ತೆಗೆದ. ಅವಳು ಅದನ್ನೇ ಹಾಸಿಕೊಂಡು ಕೂತಳು. “ಶೀನಾ, ಹೆಣ್ಣು ಮಗು. ಇಬ್ರೂ ಗಟ್ಟಿ ಇದ್ದಾರೆ. ಮೂಗು ಮಾತ್ರ ನಿಂದೇ, ಏನು ಮಾಡೋದು?”

ಆಚೆಯಿಂದ ನಗುವೂ ಅಳುವೂ ಒಟ್ಟಿಗೆ ಕೇಳಿಸಿತು. ಅಷ್ಟರಲ್ಲಿ ಉಳಿದ ದೋಣಿಯವರೂ ದನಿಗೂಡಿಸಿದರು. ಒಬ್ಬನಿಗೆ ತಾಯಿಯ ಜ್ವರದ ಚಿಂತೆ, ಇನ್ನೊಬ್ಬನಿಗೆ ಗಬ್ಬದ ಹಸುವಿನದು. ಮುದುಕಿ ಎಲ್ಲರಿಗೂ ಉತ್ತರ ಕೊಟ್ಟಳು, ನಡುನಡುವೆ ಬೈದಳು ಕೂಡ. ಮುಳ್ಳು ಕೂದಲೆಳೆಯಷ್ಟು ಇಳಿದಾಗಲೆಲ್ಲ ಕಾವಲುಗಾರನ ಜೀವ ಬಾಯಿಗೆ ಬರುತ್ತಿತ್ತು.

ಸಂಜೆಯ ಸುದ್ದಿ ಹೇಳುವ ಹೊತ್ತಿಗೆ ನೋಡಿದರೆ ಮುಳ್ಳು ಎಂದಿನಂತೆ ತುದಿಯಲ್ಲಿತ್ತು. ಮೋಡದ ದಿನಕ್ಕೆಂದು ಇಟ್ಟದ್ದು ಇಟ್ಟ ಹಾಗೇ ಇತ್ತು. ಇಷ್ಟು ವರ್ಷ ತಾನು ಹೊರಗೇ ನಿಲ್ಲಿಸಿದ ಬಿಸಿಲೆಷ್ಟು ಎಂದು ನೆನೆದು, ಮುಳುಗುತ್ತಿದ್ದ ಸೂರ್ಯನಿಗೆ ಅವನು ಕೈಮುಗಿದ. ಮರುದಿನದಿಂದ ನಡುಹಗಲಲ್ಲಿ ತಾನೇ ದೋಣಿಗಳನ್ನು ಕರೆದು, ಯಾರ ಮನೆಗೆ ಏನು ಹೇಳಬೇಕು ಎಂದು ಕೇಳತೊಡಗಿದ.

ಚೆನ್ನವೀರನ ಮುಖ ಅರಳಿತು. “ಆ ಗೋಣಿ ಏನಾಯಿತು ಗುರುಗಳೇ?”

“ನಿನ್ನ ಕೋಣೆಗೆ ಬಾಗಿಲಾಯಿತಪ್ಪ,” ಎಂದರು ಗುರುಗಳು.

ಶಿಷ್ಯ ಎದ್ದು ತನ್ನ ಕೋಣೆಯ ಬಾಗಿಲು ತೆರೆದಿಡಲು ಹೋದ.