ತಾಮ್ರಪಟದ ಕೊನೆಯ ಸಾಲು

"ಮಧ್ಯಾಹ್ನದ ಊಟದ ಹೊತ್ತಿಗೆ ಈ ಸಿಂಹಾಸನ ಖಾಲಿಯಾಗಿರಬೇಕು!"

ಕಣಗಿಲೆಪುರದ ತುಂಬಿದ ಸಭೆಯಲ್ಲಿ ಉದ್ದಂಡರಾಯ ಗುಡುಗಿದ. ತೀರಿಕೊಂಡ ಅರಸನಿಗೆ ಇವನು ದೂರದ ದಾಯಾದಿ. ಅರಸ ಇದ್ದಷ್ಟು ದಿನ ಬೆಕ್ಕಿನಂತಿದ್ದವನು, ಅರಸನ ಮಗಳು ಪದ್ಮಲೆ ಪಟ್ಟಕ್ಕೆ ಕೂತದ್ದೇ ತಡ, ಹುಲಿಯಾಗಿದ್ದ. ಕೈಯಲ್ಲೊಂದು ತಾಮ್ರಪಟ.

"ನಮ್ಮ ಮುತ್ತಜ್ಜನ ಶಾಸನ ಇದು. ರಾಜ್ಯ ಹಿರಿಯ ಹೆಂಡತಿಯ ವಂಶಕ್ಕೇ ಸೇರಬೇಕು ಅಂತ ಕೆತ್ತಿಸಿದ್ದಾನೆ. ಹಿರಿಯವಳ ವಂಶ ನಾನು, ಕಿರಿಯವಳ ಕುಡಿ ನೀನು. ಗಂಟುಮೂಟೆ ಕಟ್ಟು, ಮಗಳೇ!"

ಆ ರಾಜ್ಯದಲ್ಲಿ ಶಾಸನಕ್ಕೆ ಎದುರು ಮಾತಿಲ್ಲ. ಮುದಿ ಮಂತ್ರಿಗಳೆಲ್ಲ ನೆಲ ನೋಡಿದರು. ಮಂಚಣ್ಣ ಮಾತ್ರ ಮುಂದೆ ಬಂದ. ಅವನು ಅರಮನೆಯ ಶಾಸನ ಓದುವ ಕರಣಿಕ. ನಾಲಿಗೆ ಮಾತ್ರ ವಿದೂಷಕನದು.

ಪಟವನ್ನು ಇಸಿದುಕೊಂಡು ಮೇಲಿಂದ ಕೆಳಗೆ ಓದಿದ. ಕೆಳಗೆ ಬಂದಾಗ ಅವನ ಮೀಸೆ ಅಲುಗಿತು.

"ಆಹಾ, ಮುತ್ತಿನಂಥ ಅಕ್ಷರ! ರಾಯರೇ, ಕೊನೆಯ ಶಾಪದ ಸಾಲನ್ನು ತಾವೇ ಓದಿಬಿಡಿ. ಪದ್ಧತಿ."

ಶಾಪವಿಲ್ಲದೆ ಯಾವ ಶಾಸನವೂ ಮುಗಿಯದು. ಮೋಸ ಮಾಡಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬುದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಉದ್ದಂಡರಾಯ ಮಾತ್ರ ತನಗೆ ಬೇಕಾದ ಸಾಲಿನಾಚೆ ಓದಿರಲೇ ಇಲ್ಲ.

"ಇದರಲ್ಲಿ ಮೋಸ ಮಾಡಿದವನಿಗೆ..." ಎಂದು ಶುರುಮಾಡಿ ತಡವರಿಸಿದ. "ಎರಡು ದಿನ ನೆಗಡಿ ಬರಲಿ. ಕಷಾಯ ಕುಡಿದರೆ ವಾಸಿಯಾಗಲಿ."

ಸಭೆ ಕಿಸಕ್ಕೆಂದಿತು.

"ಮುತ್ತಜ್ಜ... ಬಹಳ ಕರುಣಾಳು!" ಎಂದ ಉದ್ದಂಡರಾಯ.

"ಇರಬಹುದು," ಎಂದ ಮಂಚಣ್ಣ. " ಆದರೂ ಬರೀ ನೆಗಡಿ ನಂಬಿ ರಾಜ್ಯ ಕೊಡೋದು ಹೇಗೆ? ಮಾಮೂಲು ಶಾಪವನ್ನೇ ಕೆಳಗೆ ಕೆತ್ತಿಸೋಣ. ಮೊದಲ ಉಳಿಪೆಟ್ಟು ತಮ್ಮದು. ಆಮೇಲೆ ಪಟ್ಟವೂ ತಮ್ಮದೇ."

ಉಳಿ ಬಂತು. ಉದ್ದಂಡರಾಯ ಅದನ್ನು ಹಾವನ್ನು ಮುಟ್ಟಿದಂತೆ ಮುಟ್ಟಿದ. ತಾಮ್ರ ಕೆತ್ತುವವನು ಊರಿಗೆಲ್ಲ ಬಮ್ಮೋಜ ಒಬ್ಬನೇ. ಸಭೆಯ ಮೂಲೆಯಲ್ಲಿ ಮುದುರಿ ಕೂತಿದ್ದ. ರಾಯ ಉಳಿಯನ್ನು ಅವನತ್ತ ತಳ್ಳಿದ. "ನಿನ್ನ ಕಸುಬು ಇದು. ನೀನೇ ಕೆತ್ತು!"

ಬಮ್ಮೋಜ ದಡಬಡ ಓಡಿಬಂದು ಪದ್ಮಲೆಯ ಕಾಲಿಗೆ ಬಿದ್ದ.

"ನನ್ನ ಕೈಲಾಗಲ್ಲ, ತಾಯಿ! ಈ ಸುಳ್ಳು ಪಟ ಕೆತ್ತಿದೋನೂ ನಾನೇ. ರಾಯರು ಕುತ್ತಿಗೆಗೆ ಕತ್ತಿ ಇಟ್ಟು ಕೆತ್ತಿಸ್ಕೊಂಡ್ರು. ಅಷ್ಟು ವರ್ಷ ಹುಳ ಆಗಿರೋಕೆ ಭಯ ಆಯ್ತು. ಅದಕ್ಕೇ ನೆಗಡಿ ಅಂತ ಹಾಕ್ಬಿಟ್ಟೆ!"

ಮಂತ್ರಿಗಳು ನೆಲ ನೋಡುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಪದ್ಮಲೆಗೆ ಅಳುವೂ ನಗುವೂ ಒಟ್ಟಿಗೇ ಬಂತು. ತನ್ನ ಕೊರಳ ಹಾರವನ್ನೇ ತೆಗೆದು ಮಂಚಣ್ಣನ ಕೈಗಿಟ್ಟಳು. ಬಮ್ಮೋಜನನ್ನು ಕ್ಷಮಿಸಿದಳು.

"ಮಂಚಣ್ಣನವರೇ, ಉದ್ದಂಡರಾಯರಿಗೆ ಏನು ಶಿಕ್ಷೆ ಕೊಡೋಣ?"

"ಅವರ ಶಾಸನ ಮೀರೋಕೆ ನಾವು ಯಾರು, ತಾಯಿ? ಕೆರೆಯಲ್ಲಿ ಕುತ್ತಿಗೆಮಟ್ಟ ನಿಲ್ಲಿಸಿ, ನೆಗಡಿ ತಾನಾಗೇ ಬರುತ್ತೆ. ಕಷಾಯದ ವಿಚಾರ ಮೂರನೇ ದಿನ ನೋಡೋಣ."