ಗಾರ್ಡ್ ಕಟ್ಟಿದ ವ್ಯಾಗನ್

"ಮದರ್, ಪೂರ್ತಿಯಾಗಿ ಸಿದ್ಧಳಾಗದೆ ಸೇವೆಗೆ ಹೋಗುವುದು ತಪ್ಪಲ್ಲವೇ?" ಎಂದು ಸಿಸ್ಟರ್ ಬೆನಿಟಾ ಕೇಳಿದಳು.

ಅವಳನ್ನು ವೃದ್ಧಾಶ್ರಮದ ರೋಗಿಗಳ ವಾರ್ಡಿಗೆ ಕಳಿಸಬೇಕೆಂದು ತೀರ್ಮಾನವಾಗಿ ಬಹಳ ಕಾಲವಾಗಿತ್ತು. ಪ್ರತಿ ಸಲವೂ ಅವಳು ಇನ್ನಷ್ಟು ಸಮಯ ಕೇಳುತ್ತಿದ್ದಳು. ಶುಶ್ರೂಷೆಯ ಪಾಠ ಗಟ್ಟಿಯಾಗಿಲ್ಲ, ಪ್ರಾರ್ಥನೆಯಲ್ಲಿ ಮನಸ್ಸು ಇನ್ನೂ ಅಲೆಯುತ್ತದೆ ಎನ್ನುತ್ತಿದ್ದಳು.

ಮದರ್ ಕೈಯಲ್ಲಿದ್ದ ಹೊಲಿಗೆಯನ್ನು ಮಡಿಸಿಟ್ಟು ಹೇಳತೊಡಗಿದರು.

ಒಬ್ಬ ಗಾರ್ಡ್ ಇದ್ದ. ಗೂಡ್ಸ್ ರೈಲಿನ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯ ಮೇಜಿನ ಮೇಲೆ ಪುಟ್ಟ ಹಳಿ ಹಾಸಿ, ಅಂಗೈಯಲ್ಲಿ ಹಿಡಿಸುವಂಥ ವ್ಯಾಗನ್ ಒಂದನ್ನು ಕಟ್ಟಲು ಕುಳಿತ. ಅಂಗಡಿಯ ಆಟಿಕೆ ಅವನಿಗೆ ಸೇರದು. ತಗಡು ಕತ್ತರಿಸಿ ಒಡಲು ಮಾಡಿದ. ಛತ್ರಿಯ ಕಡ್ಡಿ ಉಜ್ಜಿ ಚಕ್ರದ ಅಚ್ಚು ಮಾಡಿದ. ಹೆಂಡತಿಯ ರವಿಕೆಯ ಟಿಚ್ ಬಟನ್‌ಗಳು ವ್ಯಾಗನ್ನಿನ ತುದಿಯಲ್ಲಿ ಢಿಕ್ಕಿ ತಡೆಯುವ ಬಫರ್ ಆದವು. ಅವಳು ಎರಡು ದಿನ ಮಾತು ಬಿಟ್ಟಳು.

ಅವನ ಗೂಡ್ಸ್ ರೈಲನ್ನು ಓಡಿಸುತ್ತಿದ್ದ ಡ್ರೈವರ್ ಪಕ್ಕದ ಬೀದಿಯಲ್ಲಿದ್ದ. ಡ್ರೈವರನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಇದಕ್ಕೆ ಔಷಧಿಯಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು. ಪೂರ್ತಿ ಕತ್ತಲಾಗುವ ಮೊದಲು ಆ ವ್ಯಾಗನ್ ಓಡುವುದನ್ನು ನೋಡಬೇಕೆಂಬುದು ಅವನ ಆಸೆ. ತೋರಿಸುತ್ತೇನೆಂದು ಗಾರ್ಡ್ ಮಾತು ಕೊಟ್ಟಿದ್ದ.

ಒಂದು ಸಂಜೆ ಡ್ರೈವರ್ ಬಂದು, "ಏನಯ್ಯಾ, ಗಾಡಿ ಹೊರಡುವುದು ಯಾವಾಗ?" ಎಂದ.

"ಚಕ್ರ ಒತ್ತಿ ಹಿಡಿಯುವ ಬ್ರೇಕ್ ಬ್ಲಾಕ್‌ಗಳು ಸಿಕ್ಕಿಲ್ಲ."

"ಮೇಜಿನ ಮೇಲೆ ಯಾವ ಘಾಟಿ ಇಳಿಯಬೇಕೋ ಮಾರಾಯ? ಬ್ರೇಕು ಬೇಡ, ಓಡಿಸು."

"ಬ್ರೇಕಿಲ್ಲದ ಗಾಡಿಗೆ ಜನ್ಮದಲ್ಲಿ ಹಸಿರು ಬಾವುಟ ತೋರಿಸಿದವನಲ್ಲ ನಾನು. ಈಗ ತೋರಿಸಲೇ?"

ಡ್ರೈವರ್ ನಕ್ಕು, ಗೋಡೆ ಹಿಡಿದುಕೊಂಡು ಹೊರಟುಹೋದ.

ಗಾರ್ಡಿಗೆ ನಿದ್ದೆ ಹತ್ತದಾಯಿತು. ಅಕ್ಕಿಕಾಳಿನಷ್ಟು ಪುಟ್ಟ ಬ್ರೇಕ್ ಬ್ಲಾಕ್‌ಗಳಿಗಾಗಿ ಗಡಿಯಾರ ರಿಪೇರಿಯವರ ಬಳಿಗೆ ಹೋದ, ಅಕ್ಕಸಾಲಿಗರ ಬಳಿಗೆ ಹೋದ. ಮುಂಬಯಿಯಿಂದ ತರಿಸಿದವು ದಪ್ಪವಾದವು, ಕೋಲ್ಕತ್ತದಿಂದ ಬಂದವು ಬೇರೆ ಮಾದರಿಯವು. ಊಟಕ್ಕೆ ಕುಳಿತವನು ಅಂಚೆಯವನ ಗಂಟೆ ಕೇಳಿ ಎಂಜಲು ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದ. ಸ್ನೇಹಿತನ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದ. ಮಾತು ಮರೆತಿರಲಿಲ್ಲ. ಇನ್ನೊಂದೇ ಒಂದು ಭಾಗ ಬಂದರೆ ಸಾಕು ಎಂದುಕೊಳ್ಳುತ್ತಿದ್ದ.

ಕೊನೆಗೆ ವಿದೇಶದಿಂದ ಸರಿಯಾದವು ಬಂದವು. ಅವನು ರೈಲು ಯಾರ್ಡಿಗೆ ಹೋಗಿ, ನಿಜವಾದ ವ್ಯಾಗನ್ನಿನ ಚಕ್ರಕ್ಕೂ ಬ್ರೇಕಿಗೂ ನಡುವಿನ ಸಂದನ್ನು ಅಳೆದು, ಅದನ್ನೇ ಪುಟ್ಟ ವ್ಯಾಗನ್ನಿನ ಪ್ರಮಾಣಕ್ಕೆ ಇಳಿಸಿ ಬ್ಲಾಕ್‌ಗಳನ್ನು ಕೂರಿಸಿದ. ಡ್ರೈವರನನ್ನು ಕರೆತಂದು ಮೇಜಿನ ಮುಂದೆ ಕೂರಿಸಿ, ಬ್ಯಾಟರಿಯ ಎಂಜಿನ್ನಿಗೆ ವ್ಯಾಗನ್ ಜೋಡಿಸಿ ಗುಂಡಿ ಒತ್ತಿದ.

ಎಂಜಿನ್ ಗುರುಗುಟ್ಟಿತು. ವ್ಯಾಗನ್ ಕದಲಲಿಲ್ಲ. ಪ್ರಮಾಣಕ್ಕೆ ಇಳಿದ ಸಂದು ಕೂದಲೆಳೆಗಿಂತ ಕಿರಿದಾಗಿ, ಬ್ರೇಕು ಚಕ್ರವನ್ನು ಕಚ್ಚಿ ಹಿಡಿದಿತ್ತು.

"ಸಿಗ್ನಲ್ ಸಿಕ್ಕಿಲ್ಲವೇನೋ?" ಎಂದು ಡ್ರೈವರ್ ಕೇಳಿದ.

ಗಾರ್ಡ್ ಇಕ್ಕಳ ತೆಗೆದುಕೊಂಡು, ಅಷ್ಟು ಕಾಲ ಹುಡುಕಿದ ಬ್ರೇಕ್ ಬ್ಲಾಕ್‌ಗಳನ್ನೆಲ್ಲ ಕಿತ್ತು ನೆಲಕ್ಕೆ ಎಸೆದ. ಮತ್ತೆ ಗುಂಡಿ ಒತ್ತಿದ. ವ್ಯಾಗನ್ ಸಲೀಸಾಗಿ ಓಡಿತು. ಹಳಿಯ ಜೋಡಣೆಗಳ ಮೇಲೆ ಟಕಟಕ ಸದ್ದು ಮಾಡುತ್ತ ಸುತ್ತು ಬಂತು.

ಡ್ರೈವರನ ಮುಖ ಅರಳಿತು. ಅವನು ಗಾರ್ಡ್ ಇದ್ದ ಕಡೆ ಬಿಟ್ಟು ಗೋಡೆಯ ಕಡೆಗೆ ತಿರುಗಿ ಕೇಳಿದ: "ಚೆನ್ನಾಗಿ ಓಡುತ್ತಿದೆ ಕಣಯ್ಯಾ. ಬಣ್ಣ ಯಾವುದು ಹೊಡೆದೆ?"

ಮದರ್ ಹೊಲಿಗೆಯನ್ನು ಮತ್ತೆ ಕೈಗೆತ್ತಿಕೊಂಡರು. ಬೆನಿಟಾ "ಅವನ ಉದ್ದೇಶ ಒಳ್ಳೆಯದೇ ಆಗಿತ್ತಲ್ಲವೇ, ಮದರ್?" ಎಂದಳು.

"ನಿನಗೆ ಇನ್ನೂ ಏನೇನು ಬೇಕೆಂದು ಹೇಳಿದೆಯಲ್ಲ ಮಗಳೇ, ಆ ವಾರ್ಡಿನಲ್ಲಿ ಕಾಯುತ್ತಿರುವವರು ಯಾರೆಂದು ಒಮ್ಮೆಯೂ ಕೇಳಲಿಲ್ಲ."