ಗಾರೆ ಬಳಿಯದ ಚೌಕ

ಭಾನುವಾರ ಮಧ್ಯಾಹ್ನದವರೆಗೂ ಎಲ್ಕಾನನ ಮದುವೆಗೆ ಯಾವ ಅಡ್ಡಿಯೂ ಇರಲಿಲ್ಲ. ಆಮೇಲೆ, ಅತ್ತೆಯಾಗಲಿದ್ದ ರೆಯ್ನಾ ಹೊಸ ಮನೆ ನೋಡಲು ಬಂದಳು.

ಜೆರುಸಲೇಮಿನ ಗಲ್ಲಿಯೊಂದರಲ್ಲಿ ಒಂದೇ ಕೋಣೆಯ ಮನೆ. ಗೋಡೆಗೆಲ್ಲ ಬೆಳ್ಳಗೆ ಗಾರೆ. ಬಾಗಿಲಿಗೆ ಎದುರಾಗಿ ಮಾತ್ರ ಒಂದು ಚೌಕದಲ್ಲಿ ಬರೀ ಕಲ್ಲು.

"ಗಾರೆ ಸಾಲಲಿಲ್ಲವೇನಪ್ಪಾ?"

"ಬೇಕೆಂದೇ ಬಿಟ್ಟದ್ದು, ಅತ್ತೆ. ದಿನಕ್ಕೆ ಮೂರು ಸಲ ಯಾವ ಬೆಟ್ಟದ ಕಡೆ ತಿರುಗಿ ಪ್ರಾರ್ಥಿಸುತ್ತೇವೋ, ಅಲ್ಲಿದ್ದ ದೇವರ ಮನೆಯೇ ಸುಟ್ಟುಹೋಗಿದೆ. ನಮ್ಮ ಮನೆ ಮಾತ್ರ ಪೂರ್ತಿಯಾಗಬಾರದು ಅಂತ."

"ಶಾಸ್ತ್ರ ನನಗೂ ಗೊತ್ತು. ಅದು ಸುಟ್ಟು ಸಾವಿರದ ಎಂಟುನೂರು ವರ್ಷ. ಬೆಂಕಿ ಇಟ್ಟವಳು ನಾನಲ್ಲ, ನನ್ನ ಮಗಳೂ ಅಲ್ಲ. ದುಃಖಕ್ಕೂ ಒಂದು ಕೊನೆ ಬೇಡವೇ? ನಾಳಿದ್ದು ಮದುವೆ. ಅಷ್ಟರೊಳಗೆ ಬಳಿ. ಇಲ್ಲದಿದ್ದರೆ ಮಗಳನ್ನು ಕಳಿಸುವುದಿಲ್ಲ."

ಎಲ್ಕಾನ ಎರಡು ವರ್ಷದಿಂದ ಆ ಮಗಳಿಗಾಗಿ ಕಾದಿದ್ದ. ಸಂಜೆಯೊಳಗೆ ಬಳಿದುಬಿಟ್ಟ. ಬಳಿದ ಮೇಲೆ ರಾತ್ರಿಯೆಲ್ಲ ಆ ಗೋಡೆಯನ್ನೇ ನೋಡುತ್ತ ಕುಳಿತ. ಬೆಳಗಾಗುತ್ತಲೇ ಗುರುಗಳಾದ ರಬ್ಬಿ ಹನನ್ಯರ ಬಳಿಗೆ ಓಡಿದ.

ಎಲ್ಲವನ್ನೂ ಹೇಳಿ ಮುಗಿಸಿ ಕೇಳಿದ: "ಗಾರೆ ಕೆರೆದು, ಮುಂದೊಂದು ಅಲಮಾರು ನಿಲ್ಲಿಸಿದರೆ? ಶಾಸ್ತ್ರವೂ ಉಳಿಯಿತು, ಅತ್ತೆಯೂ ಉಳಿದರು."

"ಅಲಮಾರಿನ ಹಿಂದಿನ ಗೋಡೆ ನೋಡಿ ದೇವಾಲಯವನ್ನು ನೆನೆಯುವವರು ಯಾರು? ಜಿರಳೆಗಳೇ?"

"ಹಾಗಾದರೆ ಅತ್ತೆಗೆ ನೀವೇ ಬುದ್ಧಿ ಹೇಳಿ."

"ನಲವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಯಾರ ಅತ್ತೆಯ ಮುಂದೆಯೂ ಗೆದ್ದಿಲ್ಲ. ನಡಿ, ನಿಮ್ಮತ್ತೆಯ ಮನೆಯಲ್ಲಿ ಕಾಫಿ ಕುಡಿದು ಬರೋಣ."

ರೆಯ್ನಾ ಕಾಫಿಯ ಜೊತೆ ವಾದವನ್ನೂ ಕುದಿಸಿಟ್ಟುಕೊಂಡೇ ಬಾಗಿಲು ತೆರೆದಳು. ರಬ್ಬಿ ಗೋಡೆಯ ಮಾತೇ ಎತ್ತಲಿಲ್ಲ. ನೇರವಾಗಿ ಕಿಟಕಿಯ ಪಕ್ಕದ ಕುರ್ಚಿಗೆ ಹೋದರು. ಇನ್ನೇನು ಕೂರಬೇಕು.

"ಅಯ್ಯೋ, ಅದರಲ್ಲಲ್ಲ!"

ರಬ್ಬಿ ಅರ್ಧ ಬಗ್ಗಿದವರು ಅಲ್ಲಿಗೇ ನಿಂತರು.

"ಕಾಲು ಮುರಿದಿದೆಯೇನಮ್ಮಾ?"

"ಇಲ್ಲ, ಗಟ್ಟಿಯಾಗಿದೆ."

"ಧೂಳು?"

"ದಿನಾ ಒರೆಸುತ್ತೇನೆ."

"ಮತ್ತೆ?"

"ಅದು ನಮ್ಮ ಯಜಮಾನರದು."

"ಅವರು ಹೋಗಿ ಎಷ್ಟು ದಿನವಾಯಿತು?"

"ಒಂಬತ್ತು ವರ್ಷ."

"ಮನೆಯಲ್ಲಿ ಬೇರೆ ಕುರ್ಚಿ ಕಾಣುತ್ತಿಲ್ಲ. ಬಂದವರು ಎಲ್ಲಿ ಕೂರುತ್ತಾರೆ?"

"ನೆಲದ ಮೇಲೆ."

"ಸರಿ" ಎಂದು ರಬ್ಬಿ ನೆಲಕ್ಕೆ ಇಳಿದರು. ಎರಡೂ ಮಂಡಿ ಲಟಕ್ಕೆಂದವು. ಎಲ್ಕಾನನೂ ಪಕ್ಕದಲ್ಲಿ ಕುಳಿತ. ಇನ್ನಾದರೂ ಗುರುಗಳು ಬಾಯಿ ಬಿಡಲಿ ಎಂದು ಅವರ ಮುಖವನ್ನೇ ನೋಡಿದ. ಅವರು ಕಾಫಿಯನ್ನು ನೋಡುತ್ತಿದ್ದರು.

ರೆಯ್ನಾ ಲೋಟ ತುಂಬಿಸಿ ಕೊಟ್ಟಳು. ಕುರ್ಚಿಯ ಕಡೆ ನೋಡಿದಳು. ತಲೆವಸ್ತ್ರದ ಅಂಚಿನಿಂದ ಅದರ ತೋಳನ್ನು ಒರೆಸಿದಳು, ಅಲ್ಲಿ ಧೂಳಿರಲಿಲ್ಲ.

ಆಮೇಲೆ ಒಳಗೆ ಹೋಗಿ ಕಬ್ಬಿಣದ ಸಟ್ಟುಗ ಹಿಡಿದು ಬಂದಳು. ಎಲ್ಕಾನ ಸರಕ್ಕನೆ ಗುರುಗಳ ಹಿಂದಕ್ಕೆ ಸರಿದ.

"ಹೆದರಬೇಡವೋ. ಆ ಗಾರೆ ಇನ್ನೂ ಹಸಿಯಾಗಿದೆಯಾ?"

"ಇದೆ, ಅತ್ತೆ."

"ಎಷ್ಟು ಕೆರೆಯಬೇಕು?"

ರಬ್ಬಿ ಕಾಫಿಯನ್ನು ಊದಿ ಒಂದು ಗುಟುಕು ಕುಡಿದರು.

"ಒಂದು ಮೊಳ ಅಗಲ, ಒಂದು ಮೊಳ ಎತ್ತರ."